ತಿಕ್ಕಿದರೆ ಹೋಗುತ್ತದೆ ಎಂಬ ಸುಳ್ಳು

ಬಾಳ್ಳುಪೇಟೆಯಿಂದ ಬಿಸಿಲೆಯವರೆಗೆ, ಹಾನುಬಾಳಿನಿಂದ ಕೆಂಚಮ್ಮನ ಹೊಸಕೋಟೆಯವರೆಗೆ ಬಟ್ಟೆಯ ಕಲೆಯ ಬಗ್ಗೆ ಜನಕ್ಕಿರುವ ಸಿದ್ಧಾಂತ ಒಂದೇ: ತಿಕ್ಕಿದರೆ ಹೋಗುತ್ತದೆ. ಹೋಗದಿದ್ದರೆ ತಿಕ್ಕಿದ್ದು ಸಾಲದು. ಹಂಡೆಯಿಂದ ಸುಡುನೀರು ಮೊಗೆದು ಸುರಿದು, ಸೋಪಿನ ಪುಡಿ ಇನ್ನೊಂದು ಹಿಡಿ ಹಾಕಿ, ಬ್ರಷ್ಷಿನಲ್ಲಿ ಉಜ್ಜಬೇಕು. ಅದಕ್ಕೂ ಬಗ್ಗದಿದ್ದರೆ ಬ್ಲೀಚಿಂಗ್ ಪೌಡರ್. ಅದರ ಮೇಲೂ ಕಲೆ ಉಳಿಯಿತೋ, ಒಗೆದವಳಿಗೆ ಮೈ ಬಗ್ಗುವುದಿಲ್ಲ ಎಂದೇ ತೀರ್ಮಾನ. ಈ ಮಾತು ಗಂಡಸರ ಬಾಯಲ್ಲಷ್ಟೇ ಇದ್ದಿದ್ದರೆ ನಕ್ಕು ಬಿಡಬಹುದಿತ್ತು. ಅತ್ತೆ ಸೊಸೆಗೆ, ತೋಟದ ಯಜಮಾನಿ ಮನೆಗೆಲಸದವಳಿಗೆ, ಶಾಲೆಯ ಟೀಚರು ಮಗುವಿನ ತಾಯಿಗೆ ಹೇಳುವುದೂ ಇದನ್ನೇ.

ಇದು ಅರ್ಧ ತಪ್ಪಲ್ಲ, ಪೂರ್ತಿ ತಪ್ಪು. ಈ ಗುಡ್ಡಸೀಮೆಯ ಬಟ್ಟೆಗೆ ಹತ್ತುವ ಮುಖ್ಯವಾದ ಕಲೆಗಳಿಗೆ ಸುಡುನೀರು, ಸೋಪಿನ ಕ್ಷಾರ, ರಟ್ಟೆಯ ಬಲ, ಬ್ಲೀಚು ಈ ನಾಲ್ಕರಲ್ಲಿ ಒಂದಲ್ಲ ಒಂದು ಶತ್ರುವಲ್ಲ, ಮಿತ್ರ. ಕಲೆಯನ್ನು ಓಡಿಸುವುದಿಲ್ಲ, ಬಟ್ಟೆಯೊಳಗೆ ಮನೆ ಕಟ್ಟಿಕೊಡುತ್ತದೆ.

ಇಂಥ ಸಿದ್ಧಾಂತ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವೇನಲ್ಲ. ಅಂಗಿಯ ಕಾಲರಿನ ಜಿಡ್ಡು, ದಿಂಬಿನ ಗವುಸಿನ ಎಣ್ಣೆ, ಪ್ಯಾಂಟಿನ ಅಂಚಿನ ಧೂಳು ಬೆಚ್ಚನೆಯ ನೀರಿಗೆ, ಸೋಪಿಗೆ, ತಿಕ್ಕಾಟಕ್ಕೆ ನಿಜವಾಗಿಯೂ ಬಗ್ಗುತ್ತವೆ. ಬೆವರು ಮತ್ತು ಧೂಳಿನ ಊರುಗಳಲ್ಲಿ ಸತ್ಯವಾದದ್ದನ್ನು ಸೋಪಿನ ಕಂಪನಿಗಳು ಟೀವಿಯಲ್ಲಿ ದೇಶಕ್ಕೆಲ್ಲ ಹಂಚಿದವು. ಹೇಮಾವತಿ ದಂಡೆಯ ಕಲೆಗಳು ಬೇರೆ ಜಾತಿಯವು: ಜಿಗಣೆ ಕಚ್ಚಿದ ರಕ್ತ, ಬಾಳೆ ಹಲಸಿನ ಕರೆ, ಕಾಫಿಹಣ್ಣಿನ ಸಿಪ್ಪೆಯ ರಸ, ಅಡಿಕೆಯ ಚೊಗರು, ಮೈಲುತುತ್ತದ ನೀಲಿ, ಕೆಮ್ಮಣ್ಣು, ಮಳೆಗಾಲದ ಬೂಷ್ಟು. ಕಾಲರಿನ ಜಿಡ್ಡಿನಲ್ಲಿ ಕಲಿತ ಪಾಠವನ್ನು ಇವುಗಳ ಮೇಲೆ ಪ್ರಯೋಗಿಸಿ ನಾವು ವರ್ಷಕ್ಕೆಷ್ಟು ಬಟ್ಟೆ ಹಾಳು ಮಾಡುತ್ತೇವೋ ಲೆಕ್ಕವಿಟ್ಟವರಿಲ್ಲ.

ಮೊದಲು ಜಿಗಣೆ. ಜೂನ್ ಕಾಲಿಟ್ಟ ಮೇಲೆ ತೋಟಕ್ಕೆ ಇಳಿದವರಲ್ಲಿ ಇದರ ಕಡಿತ ತಪ್ಪಿಸಿಕೊಂಡವರು ಯಾರು? ಹೊಗೆಸೊಪ್ಪು, ಸುಣ್ಣ, ಉಪ್ಪು ಏನು ಸವರಿಕೊಂಡರೂ ಒಂದಾದರೂ ಕಾಲುಚೀಲದೊಳಗೆ ನುಸುಳಿರುತ್ತದೆ. ಜಿಗಣೆ ರಕ್ತ ಹೀರುವಾಗ ಅದು ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯವನ್ನು ಗಾಯಕ್ಕೆ ಬಿಡುತ್ತದೆ. ಅದಕ್ಕೇ ಜಿಗಣೆ ಹೊಟ್ಟೆತುಂಬಿ ಉದುರಿದ ಮೇಲೂ ಗಾಯ ಬಹಳ ಹೊತ್ತು ಒಸರುತ್ತಲೇ ಇರುತ್ತದೆ. ಸಂಜೆ ಬೂಟು ಬಿಚ್ಚಿದರೆ ಕಾಲುಚೀಲ ನೆಂದಿರುತ್ತದೆ, ಪ್ಯಾಂಟಿನ ಕಾಲು ಮೀನಖಂಡದವರೆಗೆ ಕೆಂಪಾಗಿರುತ್ತದೆ. ಮನೆಗೆ ಬಂದವರು ಸ್ನಾನಕ್ಕೆ ಹೋಗುತ್ತಾರೆ. ಹಂಡೆಯಲ್ಲಿ ನೀರು ಹೇಗೂ ಕಾದಿದೆ. ರಕ್ತದ ಬಟ್ಟೆಯ ಮೇಲೂ ಎರಡು ಚೊಂಬು ಸುರಿಯುತ್ತಾರೆ. ಕಲೆಯ ಹಣೆಬರಹ ಅಲ್ಲಿಗೆ ಮುಗಿಯಿತು. ರಕ್ತದಲ್ಲಿರುವುದು ಪ್ರೋಟೀನು, ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾಗುವಂತೆ ಅದೂ ಸುಡುನೀರು ಬಿದ್ದೊಡನೆ ನೂಲಿನ ಎಳೆಗಳ ನಡುವೆ ಬೆಂದು ಕೂರುತ್ತದೆ. ಬೆಂದದ್ದನ್ನು ತಿಕ್ಕಿ ತೆಗೆಯಲು ಹೊರಟರೆ ಕಲೆಗಿಂತ ಮೊದಲು ಬಟ್ಟೆ ಸವೆಯುತ್ತದೆ.

ಬೇಕಾದದ್ದು ಎಷ್ಟು ಸುಲಭ ಎಂದರೆ ಹೇಳಲು ನಾಚಿಕೆಯಾಗಬೇಕು. ಒಂದು ಬಕೆಟ್ ತಣ್ಣೀರು, ಒಂದು ಹಿಡಿ ಉಪ್ಪು, ಬಟ್ಟೆಯನ್ನು ಅದರೊಳಗೆ ಮುಳುಗಿಸಿ ಬಿಡುವುದು. ಹಸಿ ಕಲೆಯಾದರೆ ಊಟ ಮುಗಿಸಿ ಬರುವಷ್ಟರಲ್ಲಿ ನೀರು ಕೆಂಪಾಗಿ ಬಟ್ಟೆ ಹಗುರಾಗಿರುತ್ತದೆ. ನೀರು ಬದಲಿಸಿ ಮತ್ತೊಮ್ಮೆ ನೆನೆಹಾಕಿ, ಆಮೇಲೆ ಸೋಪು. ಒಣಗಿ ಹೋದ ರಕ್ತಕ್ಕೆ ಎಂಜೈಮ್ ಇರುವ ಪುಡಿ ಬೇಕು. ಈಗ ಪೇಟೆಯ ಅಂಗಡಿಗಳಲ್ಲಿ ಸಿಗುವ ಒಳ್ಳೆಯ ಪುಡಿಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಎಂಜೈಮ್ ಇರುತ್ತದೆ, ಅದು ಕೆಲಸವನ್ನೂ ಮಾಡುತ್ತದೆ. ಕಂಪನಿಗಳ ಮೇಲಿನ ಸಿಟ್ಟಿನಲ್ಲಿ ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಎಂಜೈಮಿಗೆ ಉಗುರುಬೆಚ್ಚಗಿನ ನೀರು ಬೇಕು, ಸಮಯ ಬೇಕು. ಕುದಿನೀರಿಗೆ ಹಾಕಿದರೆ ಎಂಜೈಮೂ ಸತ್ತಿತು, ಕೊಟ್ಟ ದುಡ್ಡೂ ನೀರಿಗೆ ಹೋಯಿತು. ರೇಷ್ಮೆ, ಉಣ್ಣೆಗೆ ಮಾತ್ರ ಇದನ್ನು ತಾಗಿಸಬಾರದು, ಅವೂ ಪ್ರೋಟೀನೇ. ರಕ್ತವನ್ನು ತಿನ್ನುವ ಎಂಜೈಮಿಗೆ ಸೀರೆಯ ಮೇಲೆ ಕರುಣೆಯಿಲ್ಲ.

ಇನ್ನು ಕರೆ. ಬಾಳೆಗೊನೆ ಕಡಿದವನ ಅಂಗಿಯನ್ನು ಆ ಕ್ಷಣದಲ್ಲಿ ನೋಡಿ, ಏನೂ ಕಾಣುವುದಿಲ್ಲ, ನೀರು ಚಿಮ್ಮಿದಂತಿರುತ್ತದೆ. ಆ ರಸ ಗಾಳಿಗೆ ತೆರೆದುಕೊಂಡು ನಿಧಾನಕ್ಕೆ ಕಂದಾಗಿ, ಮರುದಿನಕ್ಕೆ ಕಪ್ಪಾಗುತ್ತದೆ. ತೆಗೆಯಲು ಸಾಧ್ಯವಿರುವ ಹೊತ್ತಿನಲ್ಲಿ ಕಾಣದ, ಕಾಣುವ ಹೊತ್ತಿಗೆ ತೆಗೆಯಲಾಗದ ಕಲೆ ಇದು. ಒಗೆಯುವವಳ ಕೈಗೆ ಅದು ಬರುವುದು ಎರಡನೆಯ ಹೊತ್ತಿನಲ್ಲಿ, ಗುಡ್ಡೆಬಟ್ಟೆಯ ಅಡಿಯಲ್ಲಿ ಎರಡು ದಿನ ಮಲಗಿದ ಮೇಲೆ. ಹಾಗಿರುವಾಗ ತಪ್ಪು ಯಾರದು? ಗೊನೆ ಕಡಿದವನು ಅಂಗಿ ಬಿಚ್ಚಿದೊಡನೆ ನೀರಿಗೆ ಅದ್ದಿದ್ದರೆ ಮುಗಿಯುತ್ತಿತ್ತು.

ಹಲಸಿನ ಮೇಣದ ವಿಷಯದಲ್ಲಂತೂ ನಮ್ಮ ದಡ್ಡತನಕ್ಕೆ ಕ್ಷಮೆಯೇ ಇಲ್ಲ. ಹಲಸಿನ ಹಣ್ಣು ಹೆಚ್ಚುವ ಮೊದಲು ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕೆಂದು ಇಲ್ಲಿಯ ಹತ್ತು ವರ್ಷದ ಮಗುವಿಗೂ ಗೊತ್ತು. ಮೇಣ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಅದೇ ಮೇಣ ಲಂಗಕ್ಕೆ ಹತ್ತಿದರೆ ಅದೇ ಕೈ ಸೋಪುನೀರು ಹಿಡಿದು ಉಜ್ಜುತ್ತದೆ, ಮೇಣ ನೂಲಿಗೆ ಇನ್ನಷ್ಟು ಹರಡಿಕೊಳ್ಳುತ್ತದೆ. ಎಣ್ಣೆ ಸವರಿ, ಬಿಟ್ಟು, ಚಮಚದ ಅಂಚಿನಲ್ಲಿ ಕೆರೆದು, ಆಮೇಲೆ ಎಣ್ಣೆಯ ಜಿಡ್ಡಿಗೆ ಸೋಪು ಹಾಕಿದರೆ ಸಾಕು. ಅಡಿಗೆಮನೆಯಲ್ಲಿ ಇರುವ ಬುದ್ಧಿ ಬಚ್ಚಲಿಗೆ ಬರುವಷ್ಟರಲ್ಲಿ ಎಲ್ಲಿ ಕಳೆದುಹೋಗುತ್ತದೆ?

ಅರಿಶಿನದಲ್ಲೂ ಇದೇ ಕಥೆ. ಸಾರಿನ ಕಲೆಗೆ ಸೋಪು ತಾಗಿದೊಡನೆ ಹಳದಿ ಹೋಗಿ ಕೆಂಪಾಗುತ್ತದೆ. ಗಾಬರಿಯಾಗಿ ಇನ್ನಷ್ಟು ಸೋಪು, ಇನ್ನಷ್ಟು ಕೆಂಪು. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಯ ಕೆಂಪುನೀರು ಮಾಡುವ ಮನೆಯಲ್ಲೇ ಈ ಗಾಬರಿ! ಸುಣ್ಣವೂ ಕ್ಷಾರ, ಸೋಪೂ ಕ್ಷಾರ. ನಿಂಬೆರಸ ಬಿದ್ದರೆ ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಹಳದಿಯನ್ನು ಒಗೆಯುವುದಕ್ಕಿಂತ ಬಿಸಿಲಿಗೆ ಬಿಡುವುದು ಮೇಲು, ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಬಿಸಿಲು ಎಲ್ಲಿ ಎಂದು ಕೇಳಬಹುದು. ಸರಿ, ಒಂದೆರಡು ವಾರ ಹಳದಿ ಕಲೆಯ ಅಂಗಿ ತೊಟ್ಟರೆ ಯಾರ ತಲೆ ಹೋಗುತ್ತದೆ?

ಎಲ್ಲಕ್ಕಿಂತ ದೊಡ್ಡ ಅನಾಹುತ ನಡೆಯುವುದು ಕಬ್ಬಿಣದಲ್ಲಿ. ಈ ಕಡೆಯ ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ. ಎಷ್ಟೋ ಮನೆಗಳ ಕೊಳವೆಬಾವಿಯ ನೀರು ಹಿಡಿಯುವಾಗ ತಿಳಿಯಾಗಿರುತ್ತದೆ, ರಾತ್ರಿ ಬಕೆಟ್ಟಿನಲ್ಲಿ ಇಟ್ಟರೆ ಬೆಳಗ್ಗೆ ತಳದಲ್ಲಿ ಕಂದು ಗಸಿ. ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗಿ ಇಳಿದದ್ದು ಅದು. ಇಂಥ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ರಾತ್ರಿಯೆಲ್ಲ ಆಗಬೇಕಾದದ್ದು ನಿಮಿಷಗಳಲ್ಲಿ ಆಗುತ್ತದೆ. ತುಕ್ಕು ಬಕೆಟ್ಟಿನ ತಳದಲ್ಲಿ ಕೂರುವ ಬದಲು ಅಂಗಿಯ ಎಳೆಗಳ ಮೇಲೆ ಕೂರುತ್ತದೆ. ಬಿಳಿ ಮಾಡಲು ಹಾಕಿದ ಪುಡಿಯಿಂದ ಬಟ್ಟೆ ಹಳದಿಯಾಯಿತೆಂದು ಇನ್ನೂ ಒಂದು ಚಮಚ ಪುಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ರೋಗ ನೀರಿನದು, ಶಿಕ್ಷೆ ಬಟ್ಟೆಗೆ.

ಅದೇ ಕಬ್ಬಿಣ ಒಗರು ರಸವನ್ನು ಕೂಡಿದರೆ ಕಥೆ ಇನ್ನೂ ಕಪ್ಪು. ಅಳಲೆಕಾಯಿಯ ಒಗರಿಗೆ ಕಬ್ಬಿಣದ ರಸ ಸೇರಿಸಿ ಅಳಿಯದ ಕಪ್ಪು ಮಾಡುವುದು ಈ ದೇಶದ ಬಣ್ಣಗಾರರಿಗೆ ಹಳೆಯ ವಿದ್ಯೆ. ಅವರು ತಿಳಿದು ಮಾಡುತ್ತಿದ್ದುದನ್ನು ನಾವು ತಿಳಿಯದೆ ಮಾಡುತ್ತೇವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಹಣ್ಣಿನ ಸಿಪ್ಪೆಯ ರಸ, ಅಡಿಕೆಯ ಚೊಗರು, ಬಾಳೆಯ ಕರೆ ಎಲ್ಲದರಲ್ಲೂ ಒಗರಿದೆ. ಅವು ಹತ್ತಿದ ಬಟ್ಟೆಯನ್ನು ಕಬ್ಬಿಣದ ನೀರಿನಲ್ಲಿ ನೆನೆಹಾಕಿದರೆ ಕಂದು ಇದ್ದದ್ದು ಇದ್ದಿಲಿನ ಬಣ್ಣಕ್ಕೆ ತಿರುಗುತ್ತದೆ. ಕುಯ್ಲಿನ ಹೆಂಗಸರ ಅಂಗಿಯ ತೋಳುಗಳ ಕಪ್ಪನ್ನು ನೋಡಿ ಕೊಳಕು ಎಂದು ಮೂಗು ಮುರಿಯುವ ಯಜಮಾನರಿಗೆ ಒಂದು ಮಾತು: ಅದು ಕೊಳೆಯಲ್ಲ. ನಿಮ್ಮ ತೋಟದ ಹಣ್ಣು ಮತ್ತು ನಿಮ್ಮ ಆಳುಗಳ ಲೈನ್ ಮನೆಯ ನಲ್ಲಿ ಸೇರಿ ಮಾಡಿದ ಶಾಯಿ.

ಆ ಶಾಯಿಗೂ ತುಕ್ಕಿಗೂ ಸೋಪು ಮದ್ದಲ್ಲ, ಹುಳಿ ಮದ್ದು. ನಿಂಬೆರಸಕ್ಕೆ ಉಪ್ಪು ಸೇರಿಸಿ ಹಚ್ಚಿ ಬಿಸಿಲಿಗಿಡಬಹುದು. ಬಿಂಬುಳಿ ಮರವಿದ್ದರೆ ಇನ್ನೂ ಒಳ್ಳೆಯದು, ಆ ಕಾಯಿಯಲ್ಲಿ ಆಕ್ಸಾಲಿಕ್ ಆಮ್ಲವಿದೆ, ತುಕ್ಕನ್ನು ಕರಗಿಸುವುದರಲ್ಲಿ ಅದು ನಿಪುಣ. ಹೈಡ್ರೋಜನ್ ಪೆರಾಕ್ಸೈಡ್ ಮಾತ್ರ ತುಕ್ಕಿನ ಕಲೆಗೆ ಹಾಕಬೇಡಿ. ಕಬ್ಬಿಣದ ಜೊತೆ ಸೇರಿ ಅದು ಹತ್ತಿಯ ನೂಲನ್ನೇ ತಿನ್ನುತ್ತದೆ, ಕಲೆ ಇದ್ದ ಜಾಗದಲ್ಲಿ ತೂತು ಉಳಿಯುತ್ತದೆ. ನೀರಿನ ಸಮಸ್ಯೆಗೆ ಪರಿಹಾರವೂ ತಲೆಯ ಮೇಲೆಯೇ ಇದೆ. ನಾಲ್ಕು ತಿಂಗಳು ಹೆಂಚಿನ ಮೇಲೆ ಸುರಿಯುವ ಸೂರುನೀರಿನಲ್ಲಿ ಕಬ್ಬಿಣವೂ ಇಲ್ಲ, ಗಡಸೂ ಇಲ್ಲ, ಸೋಪು ಅರ್ಧಕ್ಕೆ ಸಾಕು. ಡ್ರಮ್ಮಿಗೆ ತಿರುಗಿಸಿ ಹಿಡಿಯುವ ಬದಲು ಅದನ್ನು ಚರಂಡಿಗೆ ಬಿಟ್ಟು ಬೋರ್‌ವೆಲ್ ಮೋಟಾರು ಹಾಕುತ್ತೇವೆ.

ಕೆಮ್ಮಣ್ಣಿಗೂ ಎರಡು ಮಾತು ಸಾಕು. ಮಣ್ಣನ್ನು ಒಣಗಲು ಬಿಟ್ಟು ಕೊಡವಿ ಆಮೇಲೆ ಒಗೆಯಿರಿ ಎಂದು ಪುಸ್ತಕಗಳು ಹೇಳುತ್ತವೆ. ಆಲೂರಿನ ಪೂರ್ವದ ಕಡೆ ಅದು ನಡೆದೀತು. ಮೂರು ದಿನವಾದರೂ ಏನೂ ಒಣಗದ ಹೆತ್ತೂರಿನಲ್ಲಿ ಆ ಬುದ್ಧಿವಾದ ಯಾರಿಗೆ? ಅಲ್ಲಿ ಮಾಡಬೇಕಾದದ್ದು ಬಟ್ಟೆಯನ್ನು ತಿರುಗಿಸಿ ಹಿಡಿದು, ಕಲೆಯ ಬೆನ್ನಿನ ಕಡೆಯಿಂದ ನೀರು ಬಿಟ್ಟು ಮಣ್ಣನ್ನು ಬಂದ ದಾರಿಯಲ್ಲೇ ಕಳಿಸುವುದು. ಮುಂದಿನಿಂದ ಬ್ರಷ್ಷು ಹಾಕಿದಿರೋ, ನುಣ್ಣನೆಯ ಕಣ ಒಳಕ್ಕೆ ಇಳಿಯಿತು.

ಮೈಲುತುತ್ತದ ವಿಷಯ ತೋಟಗಾರರಿಗೆ ಹೊಸದಲ್ಲ. ನೂರು ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಎಂದು ಶೇ. 1ರ ಬೋರ್ಡೊ ದ್ರಾವಣ ಕಲಸುವ ಲೆಕ್ಕ ಬಾಯಿಪಾಠವಿದೆ. ಆ ನೀಲಿ ಅಂಗಿಗೆ ಬಿದ್ದರೆ ಸೋಪಿನ ಕೊಬ್ಬು ತಾಮ್ರವನ್ನು ಹಿಡಿದು ನೀರಿಗೆ ಕರಗದ ಹಸಿರು ಜಿಡ್ಡಾಗಿ ಕೂರುತ್ತದೆ ಎಂಬ ಲೆಕ್ಕ ಮಾತ್ರ ಗೊತ್ತಿಲ್ಲ. ಸೋಪಿಗೆ ಮೊದಲು ಹುಳಿನೀರು ತೋರಿಸಬೇಕು. ಸಿಂಪಡಣೆಯ ಬಟ್ಟೆಯನ್ನು ಮಕ್ಕಳ ಬಟ್ಟೆಯ ಬಕೆಟ್ಟಿಗೆ ಹಾಕಲೇಬಾರದು, ಕಲೆ ಇರಲಿ ಬಿಡಲಿ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆದಿದೆ. ಗಿಡದ ಎಲೆಯ ಮೇಲಿನ ಚುಕ್ಕೆಗೆ ಕರಪತ್ರ ಸಿಗುತ್ತದೆ, ಗಿಡಕ್ಕೆ ಸಿಂಪಡಿಸಿದವನ ಅಂಗಿಯ ಚುಕ್ಕೆಗೆ ಒಂದು ಕರಪತ್ರವನ್ನೂ ನಾನು ಕಂಡಿಲ್ಲ.

ಕಾಫಿಯ ನಾಡಿನಲ್ಲಿ ಕುಡಿಯುವ ಕಾಫಿಯ ಕಲೆಯನ್ನು ತೆಗೆಯುವುದಾದರೂ ಗೊತ್ತಿರಬೇಕಿತ್ತು. ಹಾಲು ಹಾಕಿದ ಕಾಫಿ ಒಂದು ಕಲೆಯಲ್ಲ, ಮೂರು: ಹಾಲಿನ ಪ್ರೋಟೀನು, ಹಾಲಿನ ಕೊಬ್ಬು, ಕಾಫಿಯ ಕಂದು. ಪ್ರೋಟೀನಿಗೆ ತಣ್ಣೀರು, ಕೊಬ್ಬಿಗೆ ಸೋಪು, ಕಂದಿಗೆ ಆಮ್ಲಜನಕದ ಬ್ಲೀಚು, ಅಂದರೆ ಸೋಡಿಯಂ ಪರ್ಕಾರ್ಬೊನೇಟ್ ಇರುವ ಪುಡಿ, ಬೆಚ್ಚನೆಯ ನೀರಿನಲ್ಲಿ. ಈ ಕ್ರಮದಲ್ಲೇ. ಮೊದಲೇ ಬಿಸಿನೀರು ಸುರಿದರೆ ಹಾಲು ಬೆಂದು ಕಾಫಿಯನ್ನು ತನ್ನೊಳಗೆ ಬಿಗಿದುಕೊಳ್ಳುತ್ತದೆ. ಬರಿಯ ಕಪ್ಪುಕಾಫಿಯಾದರೆ ಇಷ್ಟೆಲ್ಲ ರಗಳೆಯಿಲ್ಲ, ಒಡನೆ ನೀರು ಬಿಟ್ಟರೆ ಮುಕ್ಕಾಲು ಹೋಗುತ್ತದೆ. ಎರಡಕ್ಕೂ ಒಂದೇ ತಿಕ್ಕು ಕೊಡುವವರಿಗೆ ಇದನ್ನೆಲ್ಲ ಹೇಳಿದರೆ ಬಟ್ಟೆ ಒಗೆಯಲು ಇಷ್ಟೆಲ್ಲ ಓದಬೇಕೇ ಎಂದು ನಗುತ್ತಾರೆ. ಅದೇ ಜನ ಪಾರ್ಚ್‌ಮೆಂಟ್ ಕಾಫಿ ಒಣಗಿಸುವ ಬಗ್ಗೆ ಒಂದು ತಾಸು ಮಾತಾಡಬಲ್ಲರು.

ನನ್ನ ಜಗಳ ಇರುವುದು ಆ ನಗುವಿನ ಜೊತೆ. ಕಾಫಿ ಹದ ಮಾಡುವುದು ವಿದ್ಯೆ, ಅಡಿಗೆ ಮಾಡುವುದು ಕೈಗುಣ, ಬಟ್ಟೆ ಒಗೆಯುವುದು ಮಾತ್ರ ಬರಿಯ ರಟ್ಟೆ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಹಾಗೆ ತೀರ್ಮಾನಿಸಿದ ಮೇಲೆ ಉಳಿದ ಕಲೆಗೆ ಒಂದೇ ಕಾರಣ ಉಳಿಯುತ್ತದೆ, ಸೋಮಾರಿತನ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಮ್ಮ ಅಜ್ಜಿಯರು ಕುದಿಸಿಯೇ ಒಗೆಯುತ್ತಿದ್ದರು, ಬಟ್ಟೆ ಹಾಲಿನಂತೆ ಇರುತ್ತಿತ್ತು ಎಂದು. ಅಜ್ಜಿಯರ ಹೆಸರು ಹೇಳಿ ಗೆಲ್ಲುವ ವಾದಗಳಲ್ಲಿ ಇದೂ ಒಂದು. ಕುದಿಸುತ್ತಿದ್ದುದು ನಿಜ, ಆದರೆ ಏನನ್ನು? ಅಜ್ಜಿಯರ ಕಾಲದ ಮಡಿವಾಳರು ಉಬ್ಬೆಗೆ ಹಾಕುತ್ತಿದ್ದುದು ದಪ್ಪ ಬಿಳಿ ಹತ್ತಿಬಟ್ಟೆಯನ್ನು. ಅದಕ್ಕೆ ಮೊದಲು ಬಟ್ಟೆ ವಿಂಗಡಣೆಯಾಗುತ್ತಿತ್ತು, ತಣ್ಣೀರಿನಲ್ಲಿ ನೆನೆಯುತ್ತಿತ್ತು, ಹೊಳೆಯ ಕಲ್ಲಿನ ಮೇಲೆ ಒಂದು ಸುತ್ತು ಸೆಣೆಸಿಕೊಳ್ಳುತ್ತಿತ್ತು. ಆಮೇಲೆ ಚೌಳುಮಣ್ಣೋ ಬೂದಿಯೋ ಹಚ್ಚಿ, ಹಂಡೆಯ ಬಾಯಿಗೆ ಪೇರಿಸಿ ಹಬೆ. ಬಣ್ಣದ ಬಟ್ಟೆಗೆ, ರೇಷ್ಮೆಗೆ ಬೇರೆ ಉಪಚಾರ, ಅಂಟುವಾಳ. ಅಳಿಯದ ಕಲೆ ಯಾವುದೆಂದೂ ಅವರಿಗೆ ಗೊತ್ತಿತ್ತು. ಕರಿಗೇರಿನ ರಸಕ್ಕೆ ಸುಣ್ಣ ಸೇರಿಸಿ ಮನೆಮನೆಯ ಬಟ್ಟೆಗೆ ಗುರುತು ಹಾಕುತ್ತಿದ್ದರಲ್ಲ, ಯಾವ ಉಬ್ಬೆಗೂ ಅದು ಹೋಗುತ್ತಿರಲಿಲ್ಲ. ಹೋಗುವುದನ್ನೂ ಹೋಗದ್ದನ್ನೂ ಬಲ್ಲವರ ವಿದ್ಯೆ ಅದು. ಮಡಿವಾಳ ಮಾಚಿದೇವನಿಗೆ ಜಯಂತಿ ಮಾಡುತ್ತೇವೆ, ಮಾಚಿದೇವನ ಕುಲಕಸುಬಿನಲ್ಲಿದ್ದ ತಿಳಿವಳಿಕೆಯನ್ನು ಕೇಳಿ ಬರೆದುಕೊಂಡವರು ಎಷ್ಟು ಜನ? ಊರಿನ ಮಡಿವಾಳನಿಗೆ ಆಯಗಾರರಲ್ಲಿ ಒಬ್ಬನೆಂದು ಸುಗ್ಗಿಯಲ್ಲಿ ಭತ್ತ ಅಳೆದು ಕೊಟ್ಟು, ಹೊರಜಗಲಿಯಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸಿದ ಸಮಾಜ, ಅವನ ವಿದ್ಯೆಯಲ್ಲಿ ಕುದಿಸುವುದೊಂದನ್ನು ಮಾತ್ರ ನೋಡಿ ನೆನಪಿಟ್ಟುಕೊಂಡಿತು.

ಇತ್ತೀಚೆಗೆ ಅಜ್ಜಿಯ ಜಾಗಕ್ಕೆ ಮೊಬೈಲ್ ಬಂದಿದೆ. ಅಡಿಗೆ ಸೋಡಾ ಮೇಲೆ ವಿನಿಗರ್ ಸುರಿದು ಉಕ್ಕುವ ನೊರೆ ತೋರಿಸಿ ಮ್ಯಾಜಿಕ್ ಎನ್ನುತ್ತಾರೆ. ಒಂದು ಕ್ಷಾರ, ಒಂದು ಹುಳಿ, ಎರಡೂ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ನೊರೆ ಬರಿಯ ಗಾಳಿ. ಇದರಿಂದ ದುಡ್ಡು ಹಾಳು, ಅಷ್ಟೆ. ಆದರೆ ಬ್ಲೀಚಿಂಗ್ ಪೌಡರಿಗೆ ನಿಂಬೆಹುಳಿಯನ್ನೋ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನೋ ಬೆರೆಸಿ ಎರಡೂ ಸೇರಿದರೆ ಹೆಚ್ಚು ಬಲ ಎಂದುಕೊಳ್ಳುವುದು ಜೀವದ ಮಾತು. ಹೊರಬರುವುದು ಕ್ಲೋರಿನ್ ಅನಿಲ. ಮಳೆಗೆ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಅದನ್ನು ಉಸಿರಾಡಿದರೆ ಶ್ವಾಸಕೋಶ ಸುಡುತ್ತದೆ. ತಿಕ್ಕು ಸಿದ್ಧಾಂತದ ಕೊನೆಯ ಮೆಟ್ಟಿಲು ಇದು: ಬಲ ಸಾಲದಿದ್ದರೆ ಇನ್ನೂ ಬಲವಾದದ್ದನ್ನು ಹಾಕು.

ಬಿಳುಪಿನ ಹುಚ್ಚು ಈ ಬೆಂಕಿಗೆ ತುಪ್ಪ ಸುರಿಯುತ್ತಿದೆ. ಬಿಳುಪು ಎಂದರೆ ಶುಚಿ ಎಂದು ನಂಬಿಸಿದವರು ಪುಡಿಯಲ್ಲಿ ಹಾಕಿರುವುದು ಏನು? ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿಬೆಳಕಾಗಿ ಉಗುಳುವ ಬಣ್ಣವಿಲ್ಲದ ಬಣ್ಣ. ಅದು ಕೊಳೆಯನ್ನು ತೆಗೆಯುವುದಿಲ್ಲ, ಹಳದಿಯನ್ನು ಮರೆಮಾಡುತ್ತದೆ. ಆರ್ಕೆಸ್ಟ್ರಾದ ನೇರಳೆ ದೀಪದ ಕೆಳಗೆ ಬಿಳಿ ಅಂಗಿಗಳು ದೆವ್ವದಂತೆ ಹೊಳೆಯುವುದು ಅದರಿಂದಲೇ. ಹಿಂದಿನವರು ಹಾಕುತ್ತಿದ್ದ ನೀಲಿಯೂ ಇದೇ ಉಪಾಯ, ಆದರೆ ಅವರು ಅದನ್ನು ನೀಲಿ ಎಂದೇ ಕರೆದು ಕೊನೆಯ ನೀರಿಗೆ ಹಾಕುತ್ತಿದ್ದರು, ಶುಚಿ ಎಂದು ಮೋಸ ಮಾಡುತ್ತಿರಲಿಲ್ಲ.

ಈ ಹುಚ್ಚಿಗೆ ಬಲಿಯಾಗುವವರು ಮಕ್ಕಳು, ಅವರ ತಾಯಂದಿರು. ಶನಿವಾರದ ಬಿಳಿ ಯೂನಿಫಾರ್ಮ್, ಬಿಳಿ ಕ್ಯಾನ್‌ವಾಸ್ ಶೂ! ಜುಲೈ ತಿಂಗಳಲ್ಲಿ, ಯಸಳೂರಿನ ಕೆಸರಿನಲ್ಲಿ ನಡೆದು ಬಸ್ಸು ಹತ್ತುವ ಮಗುವಿಗೆ! ಶುಕ್ರವಾರ ರಾತ್ರಿ ಒಗೆದದ್ದು ಒಣಗುವುದಿಲ್ಲ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಹೊಗೆಗೆ ಹಳದಿ, ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಕವುಚಿ ಹರಡಿದರೆ ಅಂಚು ಕಂದು, ಅರೆಹಸಿಯಾಗಿ ಮಡಚಿಟ್ಟರೆ ಬೂಷ್ಟು. ಬೂಷ್ಟಿನ ಕಪ್ಪುಚುಕ್ಕೆ ನೂಲಿನೊಳಗೆ ಬೇರೂರಿದ ಶಿಲೀಂಧ್ರ. ಅದಕ್ಕೆ ತಿಕ್ಕುವುದು ಯಾವ ಲೆಕ್ಕಕ್ಕೂ ಇಲ್ಲ, ಬಟ್ಟೆ ಗುಡ್ಡೆಬೀಳದಂತೆ ಗಾಳಿಯಾಡುವಂತೆ ಹರಡುವುದೇ ಮದ್ದು. ಬ್ಲೀಚು ಹಾಕೋಣವೆಂದರೆ, ಬಟ್ಟೆಯ ಒಳಗೆ ಹೊಲಿದ ಪುಟ್ಟ ಚೀಟಿಯಲ್ಲಿ ಗೀಟು ಹೊಡೆದ ತ್ರಿಕೋನ ಇದ್ದರೆ ಬ್ಲೀಚು ಹಾಕಬಾರದು ಎಂದರ್ಥ. ಕುತ್ತಿಗೆಗೆ ಚುಚ್ಚುತ್ತದೆಂದು ಅದನ್ನು ಮೊದಲ ದಿನವೇ ಕತ್ತರಿಸಿ ಎಸೆದಿರುತ್ತೇವೆ. ಸೋಮವಾರ ಡೈರಿಯಲ್ಲಿ ಬರುವ ಟಿಪ್ಪಣಿ ತಾಯಿಗೆ: ಯೂನಿಫಾರ್ಮ್ ಸ್ವಚ್ಛವಾಗಿರಲಿ.

ಇನ್ನೊಂದು ಕಲೆಯ ಬಗ್ಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಮುಟ್ಟಿನ ರಕ್ತಕ್ಕೂ ಜಿಗಣೆಯ ರಕ್ತಕ್ಕೂ ನೂಲಿನ ಮಟ್ಟಿಗೆ ಯಾವ ವ್ಯತ್ಯಾಸವೂ ಇಲ್ಲ. ಅದೇ ತಣ್ಣೀರು, ಅದೇ ಉಪ್ಪು, ಅದೇ ತುರ್ತು. ಜಿಗಣೆ ಕಚ್ಚಿದವನು ಪ್ಯಾಂಟನ್ನು ಅಂಗಳದಲ್ಲಿ ಎತ್ತಿ ತೋರಿಸಿ ನಗುತ್ತಾನೆ. ಹುಡುಗಿ ತನ್ನ ಬಟ್ಟೆಯನ್ನು ಎಲ್ಲರೂ ಮಲಗುವವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಬಚ್ಚಿಟ್ಟು, ಆಮೇಲೆ ಕದ್ದು ಒಗೆದು, ಬಿಸಿಲಿಗೆ ಹಾಕದೆ ಇನ್ನೊಂದು ಬಟ್ಟೆಯಡಿ ಒಣಗಿಸುತ್ತಾಳೆ. ತಡವಾದ್ದರಿಂದ ಕಲೆ ನಿಂತಿತು, ಬಿಸಿಲು ಕಾಣದೆ ಬೂಷ್ಟು ಬಂತು. ಇಲ್ಲಿ ಕಲೆಯನ್ನು ಕಾಯಂ ಮಾಡಿದ್ದು ಮನೆಯವರ ಮರ್ಯಾದೆಯ ಕಲ್ಪನೆ.

ಕಲೆ ಒಳ್ಳೆಯದು ಎನ್ನುವ ಜಾಹೀರಾತನ್ನು ನಾವೆಲ್ಲ ನೋಡಿದ್ದೇವೆ. ಮಗು ಕೆಸರಾಗಿ ಬರುತ್ತದೆ, ಅಮ್ಮ ಮುಗುಳ್ನಗುತ್ತಾಳೆ. ಒಗೆಯುವವಳು ಮಾತ್ರ ಅವಳೇ. ಏರಿಯಲ್ ಪುಡಿಯ ಕಂಪನಿ 2015ರಲ್ಲಿ ಒಗೆಯುವ ಭಾರವನ್ನು ಗಂಡಸರೂ ಹಂಚಿಕೊಳ್ಳಲಿ ಎಂದು ಪ್ರಚಾರ ಮಾಡಿತು. ಪುಡಿ ಮಾರುವವರಿಗೆ ಇದ್ದ ವಿವೇಕ ಪುಡಿ ಕೊಳ್ಳುವವರಿಗೆ ಬಂತೇ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ಆಗ ಮಾಡುತ್ತಿದ್ದ ಗಂಡಸರೇ ನೂರಕ್ಕೆ 26. ಸೋಡಾ ಬೆರೆತ ಪುಡಿಯಲ್ಲಿ ಅದ್ದಿ ಅದ್ದಿ ಬೆರಳ ಸಂದು ಬಿರಿದ ಕೈಗಳು ಯಾರವು ಎಂದು ತಿಳಿಯಲು ಸಮೀಕ್ಷೆಯೂ ಬೇಕಿಲ್ಲ.

ವಾಷಿಂಗ್ ಮಷೀನ್ ಬಂದಿದೆಯಲ್ಲ ಎನ್ನುವವರು ಇದ್ದಾರೆ. ಮಷೀನಿಗೂ ಕಲೆ ಯಾವುದೆಂದು ಗೊತ್ತಿಲ್ಲ. ಬಿಸಿನೀರಿನ ಗುಂಡಿ ಒತ್ತಿ ರಕ್ತದ ಕಾಲುಚೀಲ ಹಾಕಿದರೆ ಹಂಡೆಯ ನೀರು ಮಾಡುವುದನ್ನೇ ಅದು ಕರೆಂಟು ಖರ್ಚು ಮಾಡಿ ಮಾಡುತ್ತದೆ. ಡ್ರೈಯರಿನ ಶಾಖ ತಾಗಿತೋ, ಉಳಿದಿದ್ದ ಆಸೆಯೂ ಹೋಯಿತು.

ಆದ್ದರಿಂದ ಈ ಸೀಮೆಯ ಓದುಗರಲ್ಲಿ ಎರಡು ಕೋರಿಕೆ. ತೋಟದಿಂದ ಬಂದವರು ಗಂಡಸರೋ ಹೆಂಗಸರೋ, ಕಲೆಯಾದ ಬಟ್ಟೆಯನ್ನು ಗುಡ್ಡೆಗೆ ಎಸೆಯದೆ ತಾವೇ ತಣ್ಣೀರಿಗೆ ಹಾಕಿ, ಅದು ಯಾವುದರ ಕಲೆ ಎಂದು ಒಗೆಯುವವರಿಗೆ ಹೇಳಿ. ಮುಂದಿನ ಪೋಷಕರ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶನಿವಾರದ ಬಿಳಿ ಬಟ್ಟೆ ಬೇಡ ಎಂದು ಕೇಳಿ. ಹಾಗೆ ಕೇಳುವ ಮೊದಲ ಧ್ವನಿ ಅಪ್ಪಂದಿರದಾದರೆ ಇನ್ನೂ ಒಳ್ಳೆಯದು. ಅಮ್ಮಂದಿರು ಕೇಳಿದರೆ ಒಗೆಯಲು ಸೋಮಾರಿತನ ಎನ್ನುವವರು ಆ ಸಭೆಯಲ್ಲಿ ಇದ್ದೇ ಇರುತ್ತಾರೆ.